ಗ್ರಿಡ್ ಕೂಡ ಒಂದು ಅಭಿಪ್ರಾಯವೇ: ಡಚ್ ಪೋಸ್ಟರ್‌ಗಳನ್ನ ನೋಡೋದು ಹೇಗೆ?

ನಮ್ಮಲ್ಲಿ ಎಷ್ಟೋ ಜನ ದಿನವಿಡೀ ಸ್ಕ್ರೀನ್ ಮೇಲೆ ಗ್ರಿಡ್ ಜೋಡಿಸುವವರೇ. ಇಷ್ಟು ಕಾಲಮ್, ಇಷ್ಟು ಮಾರ್ಜಿನ್, ಬಟನ್ ಇಲ್ಲಿ. ಅದಕ್ಕೇ ಇವತ್ತು ಈ ವಿಷಯ. ನೆದರ್ಲ್ಯಾಂಡ್ಸ್‌ನ ಹಳೆಯ ಪೋಸ್ಟರ್‌ಗಳ ಪ್ರವಾಸಿ ಪ್ರದರ್ಶನ ಎಲ್ಲಾದರೂ ಸಿಕ್ಕಿದರೆ ಎರಡು ಹೆಸರು ಹುಡುಕಿ: ವಿಮ್ ಕ್ರೌವೆಲ್ ಮತ್ತು ಯಾನ್ ವಾನ್ ಟೋರ್ನ್.

ಮೊದಲು ಕ್ರೌವೆಲ್. 1963ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ‘ಟೋಟಲ್ ಡಿಸೈನ್’ ಸ್ಟುಡಿಯೋ ಕಟ್ಟಿದವರಲ್ಲಿ ಒಬ್ಬರು. ಅಲ್ಲಿನ ಸ್ಟೆಡೆಲಿಕ್ ಮ್ಯೂಸಿಯಂಗೆ 1964ರಿಂದ 1985ರವರೆಗೆ ಪೋಸ್ಟರ್, ಕ್ಯಾಟಲಾಗ್ ಮಾಡಿಕೊಟ್ಟರು. ಅವರ 1968ರ ‘ಫೋರ್ಮ್‌ಗೇವರ್ಸ್’ ಪೋಸ್ಟರ್ ನೋಡಿ. ಆ ಪದಕ್ಕೆ ವಿನ್ಯಾಸಕಾರರು ಅಂತ ಅರ್ಥ. ಮನೆ ಕಟ್ಟಿದ ಮೇಲೆ ಸಾರುವೆ ಬಿಚ್ಚೋ ಹಾಗೆ, ಡಿಸೈನ್ ಮುಗಿದ ಮೇಲೆ ಗ್ರಿಡ್ ಗೆರೆ ತೆಗೆಯೋದು ರೂಢಿ. ಇವರು ಗೆರೆಗಳನ್ನ ಹಾಗೇ ಅಚ್ಚು ಹಾಕಿಸಿದರು, ಅಕ್ಷರಗಳನ್ನೂ ಅದೇ ಚೌಕಗಳಲ್ಲಿ ಕಟ್ಟಿದರು.

ಅದಕ್ಕೂ ಒಂದು ವರ್ಷ ಮುಂಚೆ, 1967ರಲ್ಲಿ, ಅವರು ‘ನ್ಯೂ ಆಲ್ಫಬೆಟ್’ ಅನ್ನೋ ಅಕ್ಷರಮಾಲೆ ಮಾಡಿದ್ದರು. ಆಗ ಹೊಸದಾಗಿ ಬರುತ್ತಿದ್ದ ಡಿಜಿಟಲ್ ಅಚ್ಚುಜೋಡಣೆ ಯಂತ್ರಗಳಲ್ಲಿ ದುಂಡು ಗೆರೆಗಳು ಗರಗಸದ ಹಲ್ಲಿನಂತೆ ಮೂಡುತ್ತಿದ್ದವು. ಕ್ರೌವೆಲ್ ಅಕ್ಷರವನ್ನೇ ಬದಲಾಯಿಸಿಬಿಟ್ಟರು: ಅಡ್ಡ ಗೆರೆ, ಲಂಬ ಗೆರೆ, ಮೂಲೆಯಲ್ಲಿ 45 ಡಿಗ್ರಿಯ ಸಣ್ಣ ಓರೆ. ಅಷ್ಟೇ. ಇಂಗ್ಲಿಷ್ ಬಲ್ಲವರಿಗೂ ಅದರಲ್ಲಿ ಕೆಲವು ಅಕ್ಷರ ಗುರುತು ಸಿಗಲ್ಲ. ಮೈತುಂಬ ದುಂಡಗಿರುವ ನಮ್ಮ ಕನ್ನಡಕ್ಕೆ ಹೀಗೆ ಮಾಡಿದ್ರೆ ಏನು ಉಳಿಯುತ್ತೆ, ಊಹಿಸಿ!

ಈಗ ವಾನ್ ಟೋರ್ನ್. ಐಂಡ್‌ಹೋವನ್ ಊರಿನ ವಾನ್ ಅಬ್ಬೆ ಮ್ಯೂಸಿಯಂಗೆ ಪೋಸ್ಟರ್ ಮಾಡಿದವರು. ಇವರ ಕೆಲಸದಲ್ಲಿ ಪತ್ರಿಕೆಯ ಫೋಟೋಗಳು, ಸಾಮಾನ್ಯ ಜನರ ಮುಖಗಳು, ಬೇಕಂತಲೇ ಉಳಿಸಿಕೊಂಡ ಒರಟುತನ.

1972ರ ನವೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫೋಡೋರ್ ಮ್ಯೂಸಿಯಂನಲ್ಲಿ ಇಬ್ಬರೂ ಜನರೆದುರು ವಾದಕ್ಕೆ ಕೂತರು. ಕ್ರೌವೆಲ್ ನಿಲುವು: ಸಂದೇಶ ಗ್ರಾಹಕನದ್ದು, ಅದನ್ನ ಸ್ಪಷ್ಟವಾಗಿ ದಾಟಿಸೋದು ಡಿಸೈನರ್ ಕೆಲಸ, ಅವನ ಸ್ವಂತ ಅಭಿಪ್ರಾಯ ನಡುವೆ ಬರಬಾರದು. ವಾನ್ ಟೋರ್ನ್ ನಿಲುವು: ತಟಸ್ಥ ಡಿಸೈನ್ ಅಂತ ಒಂದಿಲ್ಲ. ಮಾಡಿದವನ ಕೈ ಕಾಣಬೇಕು, ಆಗಲೇ ನೋಡುವವನು ಯೋಚಿಸ್ತಾನೆ.

“ರಿಕ್ವೈರ್‌ಮೆಂಟ್ ಕೊಟ್ಟರು, ನಾವು ಮಾಡಿಕೊಟ್ಟೆವು.” ನಮ್ಮ ಮೀಟಿಂಗ್‌ಗಳಲ್ಲಿ ಕೇಳಿದ ಮಾತೇ ಅಲ್ವಾ? ಮೊದಲೇ ಟಿಕ್ ಆಗಿರುವ ಚೆಕ್‌ಬಾಕ್ಸ್, ಹುಡುಕಿದರೂ ಸಿಗದ ಅನ್‌ಸಬ್‌ಸ್ಕ್ರೈಬ್ ಬಟನ್, ಇವನ್ನೂ ಯಾರೋ ಒಬ್ಬರು ಗ್ರಿಡ್‌ನಲ್ಲಿ ನೀಟಾಗಿಯೇ ಕೂರಿಸಿರ್ತಾರೆ.

ನಾನು ವಾನ್ ಟೋರ್ನ್ ಕಡೆಯವನು. ಅದಕ್ಕೆ ಸಾಕ್ಷಿ ಕ್ರೌವೆಲ್ ಅವರ ಅಕ್ಷರಗಳೇ. ಓದುಗನಿಗಿಂತ ಯಂತ್ರಕ್ಕೆ ಮೊದಲ ಮಣೆ ಹಾಕೋದು ಎಲ್ಲಿಯ ತಟಸ್ಥತೆ? ಅದೊಂದು ಗಟ್ಟಿ ಅಭಿಪ್ರಾಯ. ಆದರೆ ಒಂದು ವಿಷಯದಲ್ಲಿ ಕ್ರೌವೆಲ್‌ಗೆ ಕೈ ಮುಗೀತೀನಿ: ಫೋರ್ಮ್‌ಗೇವರ್ಸ್‌ನಲ್ಲಿ ಅವರು ತಮ್ಮ ಗೆರೆಗಳನ್ನ ಎಲ್ಲರೆದುರು ಇಟ್ಟರು. ನಮ್ಮ ಸ್ಕ್ರೀನ್‌ಗಳಲ್ಲಿ ಆ ಗೆರೆ ಬಳಕೆದಾರನಿಗೆ ಕಾಣೋದೇ ಇಲ್ಲ.

ಹಾಗಾಗಿ ಪೋಸ್ಟರ್ ಮುಂದೆ ನಿಂತಾಗ ಬಣ್ಣ ಚೆನ್ನಾಗಿದೆ ಅಂತ ಮುಂದಕ್ಕೆ ಹೋಗಬೇಡಿ. ಯಾರ ಅನುಕೂಲಕ್ಕೆ ಹೀಗೆ ಜೋಡಿಸಿದ್ದಾರೆ ಅಂತ ಕೇಳಿ. ಸೋಮವಾರ ಆಫೀಸಿನಲ್ಲಿ ನಿಮ್ಮದೇ ಸ್ಕ್ರೀನ್‌ಗೂ ಅದೇ ಪ್ರಶ್ನೆ ಕೇಳಿ ನೋಡಿ.