ಮೂಗಿಗೆ ಗ್ಯಾಸ್, ಕೈಗೆ ಸ್ವಿಚ್ಚು

ರಾತ್ರಿ ಊರಿಂದ ಬಂದು ಬೀಗ ತೆಗೆದರೆ ಗಪ್ಪನೆ ಗ್ಯಾಸ್ ವಾಸನೆ. ಕತ್ತಲು ಬೇರೆ. ಬಹುತೇಕರ ಕೈ ಮೊದಲು ಹೋಗುವುದು ಬಾಗಿಲ ಪಕ್ಕದ ಲೈಟಿನ ಸ್ವಿಚ್ಚಿಗೆ. ಇನ್ನು ಕೆಲವರು, ಗ್ಯಾಸೆಲ್ಲ ಆಚೆ ಹೋಗಲಿ ಎಂದು ಎಕ್ಸಾಸ್ಟ್ ಫ್ಯಾನ್ ಹಾಕುತ್ತಾರೆ. ಎರಡೂ ಅಪಾಯವೇ. ಸ್ವಿಚ್ ಹಾಕಿದರೂ ಆರಿಸಿದರೂ ಒಳಗೆ ಸಣ್ಣ ಕಿಡಿ ಹಾರುತ್ತದೆ. ಗಾಳಿಯಲ್ಲಿ ಎಲ್‌ಪಿಜಿ ಸುಮಾರು ಶೇ 2ರಿಂದ 9ರಷ್ಟು ಬೆರೆತಿದ್ದರೆ ಹೊತ್ತಿಕೊಳ್ಳಲು ಅಷ್ಟು ಸಾಕು. ಹಾಗಾಗಿ ಉರಿಯುತ್ತಿರುವ ಲೈಟನ್ನು ಆರಿಸಲೂ ಹೋಗಬೇಡಿ. ಯಾರೂ ಮುಟ್ಟದಿದ್ದರೂ ತಾನೇ ಚಾಲೂ ಆಗುವ ಫ್ರಿಜ್ ಒಂದಿದೆಯಲ್ಲ, ಅದಕ್ಕೆ ಉಪಾಯ ಮನೆಯ ಹೊರಗಿದೆ. ನಮ್ಮ ಬಾಡಿಗೆ ಮನೆಗಳಲ್ಲಿ ಮೀಟರ್ ಬೋರ್ಡು ಸಾಮಾನ್ಯವಾಗಿ ಮೆಟ್ಟಿಲ ಕೆಳಗಿರುತ್ತದೆ. ಮೇನ್ ಸ್ವಿಚ್ ಅಲ್ಲಿ ತೆಗೆಯಬಹುದು, ಒಳಗಲ್ಲ.

ಎಲ್‌ಪಿಜಿಗೆ ಸ್ವಂತ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಮರ್‌ಕ್ಯಾಪ್ಟನ್ ಎಂಬ ಘಾಟು ಬೆರೆಸುತ್ತಾರೆ. ಎಲ್‌ಪಿಜಿ ಗಾಳಿಗಿಂತ ಭಾರ. ಚೆಲ್ಲಿದ ನೀರಿನಂತೆ ನೆಲ ಹಿಡಿದು ಹರಿದು ಮೂಲೆ, ಮೋರಿಗಳಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿಯೊಂದನ್ನು ತೆಗೆದು ಸುಮ್ಮನಾದರೆ ಸಾಲದು, ಬಾಗಿಲುಗಳೂ ತೆರೆಯಬೇಕು. ಅಪಾರ್ಟ್‌ಮೆಂಟುಗಳಿಗೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಇದಕ್ಕೆ ತದ್ವಿರುದ್ಧ: ಹಗುರ, ಸೀದಾ ಸೂರಿಗೇರುತ್ತದೆ.

ವಾಸನೆ ಸಣ್ಣದಾಗಿದ್ದರೆ ಬರ್ನರ್ ತಿರುಪು, ರೆಗ್ಯುಲೇಟರ್ ಎರಡೂ ಬಂದ್ ಮಾಡಿ. ಹಾಲು ಉಕ್ಕಿ ಒಲೆ ಆರಿದ್ದಕ್ಕೇ ಎಷ್ಟೋ ಸಲ ಈ ಫಜೀತಿ. ರೆಗ್ಯುಲೇಟರ್ ತೆಗೆದ ಮೇಲೂ ಸುಂಯ್ ಎನ್ನುತ್ತಿದ್ದರೆ ವಾಲ್ವಿನಲ್ಲೇ ದೋಷ. ಸಿಲಿಂಡರಿಗೆ ದಾರ ಕಟ್ಟಿ ಇಳಿಬಿಟ್ಟಿರುವ ಮುಚ್ಚಳ ಇರುವುದು ಈ ಗಳಿಗೆಗಾಗಿಯೇ. ವಾಲ್ವಿನ ಮೇಲಿಟ್ಟು ಒತ್ತಿದರೆ ಕೂರುತ್ತದೆ. ಅದನ್ನು ಕತ್ತರಿಸಿ ಮಕ್ಕಳ ಆಟಕ್ಕೆ ಕೊಡುವ ಮನೆಗಳೂ ಇವೆ! ವಾಸನೆ ದಟ್ಟವಾಗಿದ್ದರೆ ಇದ್ಯಾವುದೂ ಬೇಡ. ಎಲ್ಲರನ್ನೂ ಹೊರಡಿಸಿ, ದೂರ ಹೋಗಿ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆ 1906, ಹಗಲೂ ರಾತ್ರಿ. ಬೆಂಕಿಯೇ ಹೊತ್ತಿದ್ದರೆ 112. ಎಲ್ಲಿ ಸೋರುತ್ತಿದೆ ಎಂದು ಕಡ್ಡಿ ಗೀರಿ ನೋಡುವ ಧೀರರು ಇನ್ನೂ ಇದ್ದಾರೆ. ಆ ಕೆಲಸಕ್ಕೆ ಸೋಪಿನ ನೊರೆ ಸಾಕು, ಗುಳ್ಳೆ ಎದ್ದಲ್ಲಿ ಸೋರಿಕೆ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗಲೂ ಕೈ ತಪ್ಪನ್ನೇ ಹುಡುಕುತ್ತದೆ, ನೀರಿನ ಚೊಂಬನ್ನು. ನೀರು ಎಣ್ಣೆಯಡಿ ಇಳಿದು ಆ ಕ್ಷಣವೇ ಆವಿಯಾಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೂ ಎರಚುತ್ತದೆ. ಒಲೆ ಆರಿಸಿ, ಅಗಲ ತಟ್ಟೆಯೊಂದನ್ನು ಪಕ್ಕದಿಂದ ಸರಿಸಿ ಮುಚ್ಚಿ, ಆರುವ ತನಕ ತೆಗೆಯಬೇಡಿ. ಬಾಣಲೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಓಡುವುದಂತೂ ಬೇಡವೇ ಬೇಡ. ಕೈ ಸುಟ್ಟರೆ ಹರಿಯುವ ನಲ್ಲಿ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ ಬಳಿಯಬೇಡಿ.

ಮೂಗನ್ನು ನಂಬಿ ಕೂರಲಾಗದ ಅಪಾಯ ಗ್ಯಾಸ್ ಗೀಸರಿನದು. ಗಾಳಿಯಾಡದ ಬಚ್ಚಲಲ್ಲಿ ಅದು ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಭಾರವಾಯಿತು ಅನ್ನಿಸುವಷ್ಟರಲ್ಲಿ ಕಾಲಲ್ಲಿ ಬಲವಿರುವುದಿಲ್ಲ. ಗೀಸರ್ ಬಚ್ಚಲ ಹೊರಗಿರಬೇಕು, ಅದೂ ಬಯಲು ಗಾಳಿಯಲ್ಲಿ. ಸ್ನಾನಕ್ಕೆ ಹೋದವರು ಕೂಗಿದರೂ ಓಗೊಡದಿದ್ದರೆ ಬಾಗಿಲು ಒಡೆಯಿರಿ, ಉಸಿರು ಬಿಗಿಹಿಡಿದು ಅವರನ್ನು ಹೊರಗೆಳೆದು 108ಕ್ಕೆ ಕರೆ ಮಾಡಿ.