ಬ್ರೌನ್ ಬ್ರೆಡ್ ಎಲ್ಲವೂ ಗೋಧಿ ಬ್ರೆಡ್ಡೇ? ಪ್ಯಾಕೆಟ್ ತಿರುಗಿಸಿ ನೋಡಿ

‘ಬೆಳಗಿನ ತಿಂಡಿಗೆ ಬ್ರೌನ್ ಬ್ರೆಡ್ ತಿನ್ನಿ, ಅದು ಗೋಧಿಯದು, ಶುಗರ್ ಇರುವವರಿಗೂ ಧಾರಾಳ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಮುಂದೆ ಕಳಿಸುವ ಮೊದಲು ಅಂಗಡಿಯಲ್ಲಿ ಒಂದು ಪ್ಯಾಕೆಟ್ ತಿರುಗಿಸಿ ನೋಡಿ.

ಮೈದಾ ಬ್ರೆಡ್ಡಿಗೂ ಕ್ಯಾರಮೆಲ್ ಬಣ್ಣ ಹಾಕಿದರೆ ಕಂದಾಗಿಯೇ ಕಾಣುತ್ತದೆ. ಲೇಬಲ್‌ನಲ್ಲಿ ಅದರ ಗುರುತು ‘150’ರಿಂದ ಶುರುವಾಗುವ ಸಂಖ್ಯೆ. ‘ರಿಫೈನ್ಡ್ ವೀಟ್ ಫ್ಲೋರ್’ ಎಂದಿದ್ದರೆ ಅದು ಮೈದಾವೇ. ಇನ್ನು, ಪೂರ್ತಿ ಗೋಧಿಯದಾದರೂ ಶುಗರ್ ಇರುವವರಿಗೆ ‘ಧಾರಾಳ’ ಅಲ್ಲ, ಗೋಧಿಯಲ್ಲೂ ಪಿಷ್ಟವಿದೆ.

ನಮ್ಮ ದೇಶದ ನಿಯಮದಂತೆ ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರಬೇಕು. ಮುಂಭಾಗದಲ್ಲಿ ರಾಗಿ, ಓಟ್ಸ್ ಎಂದು ದೊಡ್ಡದಾಗಿ ಹಾಕಿಕೊಂಡರೆ ಅದು ಶೇಕಡಾ ಎಷ್ಟಿದೆ ಎಂದೂ ತಿಳಿಸಬೇಕು.

ನಾವು ಹೆಚ್ಚು ಮೋಸಹೋಗುವುದು ಸಕ್ಕರೆಯಲ್ಲಿ. 100 ಗ್ರಾಂ ಸಿರಿಯಲ್‌ನಲ್ಲಿ 25 ಗ್ರಾಂ ಸಕ್ಕರೆ ಸೇರಿಸಿದ್ದಾರೆ ಎಂದುಕೊಳ್ಳಿ. ಪ್ಯಾಕೆಟ್ ಮೇಲೆ ‘ಒಂದು ಸಲಕ್ಕೆ 30 ಗ್ರಾಂ’ ಎಂದಿದ್ದರೆ ಸಕ್ಕರೆ ಏಳೂವರೆ ಗ್ರಾಂ, ಕಡಿಮೆಯೇ ಅನಿಸುತ್ತದೆ. ಹಸಿದು ಬಟ್ಟಲು ತುಂಬಾ 60 ಗ್ರಾಂ ತಿಂದರೆ? 15 ಗ್ರಾಂ, ಹತ್ತಿರಹತ್ತಿರ ನಾಲ್ಕು ಟೀ ಚಮಚ! ದೊಡ್ಡವರಿಗೇ ಇಡೀ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೇನುತುಪ್ಪ, ಗ್ಲೂಕೋಸ್ ಸಿರಪ್ ಕೂಡ ಇದೇ ಲೆಕ್ಕಕ್ಕೆ. ಹಾಗಾಗಿ 100 ಗ್ರಾಂ ಲೆಕ್ಕದ ಸಾಲನ್ನೇ ಹೋಲಿಸಿ.

ಮಸಾಲೆ ಓಟ್ಸ್ ಆದರೆ ಸೋಡಿಯಂ ಎಷ್ಟಿದೆ ನೋಡಿ. ಸಾದಾ ಓಟ್ಸ್ ಕೊಂಡು ಒಗ್ಗರಣೆ ನೀವೇ ಹಾಕಿದರೆ ಉಪ್ಪು ನಿಮ್ಮ ಕೈಯಲ್ಲಿರುತ್ತದೆ. ಫ್ರಿಜ್‌ನಲ್ಲಿಟ್ಟ ಇಡ್ಲಿ ಹಿಟ್ಟಿನಲ್ಲಿ ಅಕ್ಕಿ, ಉದ್ದು, ಮೆಂತ್ಯ, ಉಪ್ಪು ಇಷ್ಟೇ ಇದ್ದರೆ ಅದೂ ಸರಿ. ತೀರಾ ಅವಸರವೇ? ತೆಳು ಅವಲಕ್ಕಿ ತೊಳೆದು ಮೊಸರು, ಹುರಿದ ಶೇಂಗಾ ಹಾಕಿ ಕಲಸಿ, ಐದು ನಿಮಿಷ ಸಾಕು.