ಗೆರೆಗಳಲ್ಲಿ ಕಾಣುವ ಕಲಿಕೆ

ಶಾಲೆ, ಕಾಲೇಜುಗಳ 'ಮೇಕರ್‌ಸ್ಪೇಸ್' ಎಂದರೆ ಹಳೆಯ ಕ್ರಾಫ್ಟ್ ಕೋಣೆಯ ಹೊಸ ಅವತಾರ. ಗರಗಸ, ಡ್ರಿಲ್, ಹೊಲಿಗೆ ಯಂತ್ರಗಳ ಪಕ್ಕದಲ್ಲೇ ತ್ರೀಡಿ ಪ್ರಿಂಟರ್, ಲೇಸರ್ ಕಟರ್ ಇರುತ್ತವೆ. ವಿದ್ಯಾರ್ಥಿ ಬೇಕಾದುದನ್ನು ತನ್ನ ಕೈಯಾರೆ ಮಾಡಿ ಕಲಿಯಬೇಕು. ಅಮೆರಿಕದ ಎಂ.ಐ.ಟಿ.ಯಲ್ಲಿ ನೀಲ್ ಗರ್ಶೆನ್‌ಫೆಲ್ಡ್ 1998ರಲ್ಲಿ ಆರಂಭಿಸಿದ ಪಾಠ ಇದಕ್ಕೊಂದು ಪ್ರೇರಣೆ. ಪುಣೆ ಸಮೀಪದ ಪಾಬಳ್‌ನ ವಿಜ್ಞಾನ ಆಶ್ರಮಕ್ಕೆ ಆ ಗಾಳಿ 2002ರಲ್ಲೇ ಬೀಸಿತು. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಕರ್ನಾಟಕದ ಶಾಲೆಗಳಿಗೂ ಇಂಥ ಕೋಣೆಗಳನ್ನು ತಂದಿತು.

ಯಂತ್ರಗಳೇನೋ ಬಂದವು, ಮಕ್ಕಳು ಕಲಿತದ್ದೇನು? ಬಾಗಿಲ ಬಳಿಯ ರಿಜಿಸ್ಟರ್ ಹೇಳುವುದು ತಲೆಲೆಕ್ಕ ಮಾತ್ರ. ಯಾವ ಯಂತ್ರ ಎಷ್ಟು ಗಂಟೆ ಓಡಿತು ಎಂಬುದು ಇನ್‌ಸ್ಪೆಕ್ಷನ್‌ಗೆ ಸಾಕು, ಕಲಿಕೆಯ ಅಳತೆಗೆ ಸಾಲದು.

ಇಲ್ಲಿ ನೆರವಿಗೆ ಬರುವುದು ಜಾಲ ವಿಶ್ಲೇಷಣೆ. ವಿಧಾನ ಹಳೆಯದೇ. 1930ರ ದಶಕದಲ್ಲಿ ಮನೋವೈದ್ಯ ಜೇಕಬ್ ಮೊರೆನೊ ನ್ಯೂಯಾರ್ಕ್ ರಾಜ್ಯದ ಹಡ್ಸನ್‌ನಲ್ಲಿದ್ದ ಬಾಲಕಿಯರ ಶಾಲೆಯೊಂದರ ಒಡನಾಟವನ್ನು ಚುಕ್ಕಿ, ಗೆರೆಗಳಲ್ಲಿ ಬಿಡಿಸಿದ್ದರು. 1941ರ 'ಡೀಪ್ ಸೌತ್' ಪುಸ್ತಕದಲ್ಲಿ 18 ಮಹಿಳೆಯರು ಮತ್ತು ಅವರು ಸೇರಿದ 14 ಸಮಾರಂಭಗಳ ಪಟ್ಟಿಯಿದೆ. ಒಂದು ಬದಿ ಜನ, ಇನ್ನೊಂದು ಬದಿ ಸಮಾರಂಭ. ಹೋದವರಿಗೆ ಒಂದು ಗೆರೆ. ಸಮಾರಂಭದ ಜಾಗದಲ್ಲಿ ಯಂತ್ರವನ್ನಿಟ್ಟರೆ ಮೇಕರ್‌ಸ್ಪೇಸ್‌ನ ಚಿತ್ರ ಸಿದ್ಧ.

ಕಾಲ್ಪನಿಕ ಉದಾಹರಣೆಯೊಂದನ್ನು ನೋಡೋಣ. ತರಗತಿಯ 30 ಮಕ್ಕಳಲ್ಲಿ 25 ಮಂದಿ ಲೇಸರ್ ಕಟರ್ ಬಳಸುತ್ತಾರೆ. ಅವರಲ್ಲಿ ಎಂಟು ಮಂದಿ ಮಾತ್ರ ಬೆಸುಗೆ ಮೇಜಿಗೆ ಬರುತ್ತಾರೆ. ಎಣಿಕೆಯಲ್ಲಿ ಲೇಸರ್ ಕಟರ್‌ಗೇ ಜಯ. ಗೆರೆ ಎಳೆದರೆ ಕತೆಯೇ ಬೇರೆ: 17 ಮಂದಿ ಅದೊಂದೇ ಯಂತ್ರಕ್ಕೆ ಅಂಟಿಕೊಂಡಿದ್ದಾರೆ. ಬೆಸುಗೆ ಹಾಕಿದ ಎಂಟೂ ಮಂದಿ ಡ್ರಿಲ್, ಗರಗಸಗಳತ್ತಲೂ ಹೋಗಿದ್ದಾರೆ. ಮೂಲೆಯಲ್ಲಿದ್ದ ಬೆಸುಗೆ ಮೇಜೇ ಸೇತುವೆಯಾಗಿದೆ! ಇಂಥ ಸೇತುವೆಯ ಬಲವನ್ನು ಅಳೆಯುವ ಸೂತ್ರವೊಂದನ್ನು ಲಿಂಟನ್ ಫ್ರೀಮನ್ 1977ರಲ್ಲಿ ಕೊಟ್ಟರು. ಇನ್ನುಳಿದ ಐವರು? ಅವರ ಚುಕ್ಕಿಗೆ ಒಂದು ಗೆರೆಯೂ ಇಲ್ಲ. ಬಂದವರನ್ನಷ್ಟೇ ಬರೆದುಕೊಳ್ಳುವ ರಿಜಿಸ್ಟರ್‌ನಲ್ಲಿ ಅವರ ಹೆಸರೇ ಸಿಗದು. ತರಗತಿಯ ಹಾಜರಿ ಪಟ್ಟಿಯನ್ನೂ ಜೊತೆಗಿಟ್ಟು ಚಿತ್ರ ಬಿಡಿಸಬೇಕು.

ಒಂದೇ ಯಂತ್ರಕ್ಕೆ ಅಂಟಿಕೊಳ್ಳುವುದು ಕಲ್ಪನೆಯಲ್ಲ. ಲೇಸರ್ ಕಟರ್‌ನಲ್ಲಿ ಸಲೀಸಾಗಿ ಚಂದದ ಕೀಚೈನ್ ಮಾಡಲು ಕಲಿತ ಮಕ್ಕಳು ಮತ್ತೆ ಮತ್ತೆ ಅದನ್ನೇ ಮಾಡುವುದನ್ನು ಕಂಡ ಸ್ಟ್ಯಾನ್‌ಫರ್ಡ್‌ನ ಸಂಶೋಧಕ ಪಾಲೊ ಬ್ಲಿಕ್‌ಸ್ಟೈನ್, 2013ರ ಬರಹದಲ್ಲಿ ಅದನ್ನು 'ಕೀಚೈನ್ ಸಿಂಡ್ರೋಮ್' ಎಂದು ಕರೆದರು. ನೋಡುವವರಿಗೆ ಹಬ್ಬ, ಕಲಿಕೆ ಮಾತ್ರ ನಿಂತಲ್ಲೇ. ಗೆರೆಗಳ ಚಿತ್ರ ಕೈಯಲ್ಲಿದ್ದರೆ ಯಾರನ್ನು ಯಾವ ಮೇಜಿನತ್ತ ಕರೆಯಬೇಕೆಂದು ಮೇಷ್ಟರಿಗೆ ತಿಳಿಯುತ್ತದೆ.

ಆದರೆ ಚಿತ್ರ ಕಾರಣ ಹೇಳುವುದಿಲ್ಲ. ಆ ಐವರು ಬಾರದಿರಲು ಅಂಜಿಕೆಯೇ, ಬಸ್ಸಿನ ಹೊತ್ತೇ, ಕೇಳಿಯೇ ತಿಳಿಯಬೇಕು. ಮೂವರು ಸೇರಿ ಕೆಲಸ ಮಾಡುವಾಗ ಗುಂಡಿ ಒತ್ತಿದವನ ಹೆಸರಷ್ಟೇ ದಾಖಲಾಗಿ, ಲೆಕ್ಕ ಹಾಕಿ ಅಳತೆ ಹೇಳಿಕೊಟ್ಟ ಹುಡುಗಿ ಬಿಟ್ಟುಹೋಗಬಹುದು. ಅವಳಿಗೂ ಒಂದು ಗೆರೆ ಬೇಕಾದರೆ ಮೇಷ್ಟರು ಅಲ್ಲೇ ನಿಂತು ನೋಡಿ ಬರೆದುಕೊಳ್ಳಬೇಕು.